ಈ ಸಲ ಚಿನ್ನು ಮುಂದಿನ ಸೀಟಿನಲ್ಲಿ

ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್

ಅಪ್ಪ ಅಮ್ಮನಿಗೆ ನಮಸ್ಕಾರ,

ಅಮ್ಮಾ, ಭಾನುವಾರ ಫೋನಿನಲ್ಲಿ ಕೇಳಿದೆಯಲ್ಲ, "ಆ ಮಗೂನ ಕರ್ಕೊಂಡು ಸೈಕಲ್ ಮೇಲೆ ಯಾಕೆ ಅಲೀತೀರಿ, ಕಾರಲ್ಲಿ ಹೋಗಬಾರದಾ" ಅಂತ. ಮಕ್ಕಳ ಗಲಾಟೆಯಲ್ಲಿ ಉತ್ತರ ಹೇಳಲು ಆಗಲಿಲ್ಲ, ಅದಕ್ಕೇ ಈ ಪತ್ರ.

ಕಾರಿನಲ್ಲಿ ಹೋದರೆ ಚಿನ್ನು ಸುಮ್ನೆ ಕೂತಿರುತ್ತಾನೆ. ಇಳಿದ ಮೇಲೆ ವೀಲ್‌ಚೇರ್, ಅಲ್ಲೂ ನಾವೇ ತಳ್ಳುವುದು. ಅನು ಸ್ಕೂಲಿಗೆ ಸೈಕಲ್‌ನಲ್ಲೇ ಹೋಗುತ್ತಾಳೆ, ಈ ಬೀದಿಯ ಮಕ್ಕಳೆಲ್ಲ ತುಳಿಯುತ್ತಾರೆ, ಇವನು ಕಿಟಕಿಯಲ್ಲಿ ನೋಡುತ್ತಾ "ನಾನೂ" ಅನ್ನುತ್ತಾನೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಕಾಲು ಬಿಗಿ ಇರಬಹುದು, ಆಸೆ ಬೇರೆ ಮಕ್ಕಳಷ್ಟೇ ಇರುತ್ತದೆ ಅಲ್ವಾ?

ಈ ಮೂರು ದಿನದ ಪ್ರವಾಸಕ್ಕೆ ಎರಡು ಥರದ ಸೈಕಲ್ ನೋಡಿದೆವು. ವಾನ್ ರಾಮ್ ಅಂತ ಇಲ್ಲಿನದೇ ಕಂಪನಿಯ ವೆಲೊಪ್ಲಸ್‌ನಲ್ಲಿ ಮುಂದೆ ಒಂದು ಹಲಗೆ ಇದೆ, ಅದನ್ನು ಓರೆ ಮಾಡಿ ವೀಲ್‌ಚೇರ್ ಸಮೇತ ಮಗುವನ್ನು ಹತ್ತಿಸಬಹುದು. ನಮಗೆ ತುಂಬಾ ಸುಲಭ. ಆದರೆ ಅದರಲ್ಲಿ ಅವನು ತುಳಿಯುವಂತಿಲ್ಲ. ಇನ್ನೊಂದು ಜರ್ಮನಿಯ ಪಿನೋ, ಇಬ್ಬರು ತುಳಿಯುವ ಸೈಕಲ್. ಮುಂದಿನವರು ಕಾಲು ಚಾಚಿ ಒರಗಿ ಕೂರುತ್ತಾರೆ, ಹಿಂದಿನವರು ಹ್ಯಾಂಡಲ್ ಹಿಡಿಯುತ್ತಾರೆ. ಮುಂದಿನವರು ತುಳಿಯುವುದು ನಿಲ್ಲಿಸಿದರೂ ಹಿಂದಿನವರು ತುಳಿಯುತ್ತಾ ಹೋಗಬಹುದು, ಹಾಗಾಗಿ ಸುಸ್ತಾದಾಗ ಅವನು ಕಾಲಿಗೆ ವಿಶ್ರಾಂತಿ ಕೊಡಬಹುದು. ಪಾದಕ್ಕೆ ಪಟ್ಟಿ, ಎದೆಗೆ ಬೆಲ್ಟ್, ಮೋಟಾರ್ ಎಲ್ಲ ಸೇರಿಸಿ ಬಾಡಿಗೆಗೆ ಗೊತ್ತು ಮಾಡಿದ್ದೇವೆ. ಮಡಚುವ ವೀಲ್‌ಚೇರ್ ಇವರ ಸೈಕಲ್‌ಗೆ ಕಟ್ಟಿದ ಟ್ರೇಲರ್‌ನಲ್ಲಿ ಬರುತ್ತದೆ. ಭಾರ ಜಾಸ್ತಿ, ಆದರೂ ನನಗೆ ಇದೇ ಸರಿ ಅನ್ನಿಸಿತು. ಮುಖ್ಯವಾಗಿ ಅವನ ತಲೆ ನನ್ನ ಕೈಗೆ ಸಿಗುವಷ್ಟು ಹತ್ತಿರ ಇರುತ್ತದೆ. ಅವನ ಮಾತು ಮೆಲ್ಲಗೆ, ನಿನಗೆ ಗೊತ್ತಲ್ಲ, ಹಿಂದಿನ ಸೀಟಿನಲ್ಲಿದ್ದರೆ ಗಾಳಿಯಲ್ಲಿ ಏನೂ ಕೇಳುವುದಿಲ್ಲ.

ಅಪ್ಪಾ, ಇದು ನಿಮಗೆ. ಹೋಗುವುದು ಗಡಿ ದಾಟಿ ಬೆಲ್ಜಿಯಂನ ಲಿಂಬರ್ಗ್‌ಗೆ, ಒಂದು ಕಾಲದ ಕಲ್ಲಿದ್ದಲು ಗಣಿಗಳ ಸೀಮೆ. ಅಲ್ಲಿ ಸೈಕಲ್ ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ನಂಬರ್. ಬೇಕಾದ ನಂಬರ್‌ಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ಬೋರ್ಡ್ ನೋಡುತ್ತಾ ಹೋಗಬಹುದು. ಇದನ್ನು ಯೋಚಿಸಿದವರು ಹ್ಯೂಗೋ ಬೊಲನ್ ಅನ್ನುವ ಗಣಿ ಎಂಜಿನಿಯರ್. ನೆಲದ ಕೆಳಗಿನ ಸುರಂಗಗಳಲ್ಲಿ ದಾರಿ ತಪ್ಪದಿರಲು ಇದ್ದ ಪದ್ಧತಿಯನ್ನು ಮೇಲೆ ತಂದರು, 1995ರಲ್ಲಿ ಲಿಂಬರ್ಗ್‌ನಲ್ಲೇ ಶುರುವಾಯಿತು. ಈಗ ನೆದರ್‌ಲ್ಯಾಂಡ್ಸ್‌ನಲ್ಲೂ ಇದೇ ಪದ್ಧತಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದ ನಿಮಗೆ ಇದು ಖುಷಿ ಕೊಡುತ್ತದೆ ಅಂದುಕೊಂಡೆ. ನಂಬರ್ ಓದುವ ಕೆಲಸ ಚಿನ್ನುವಿನದು. ಅವನು ಕೂಗಿದ ಕಡೆಗೇ ನಾನು ತಿರುಗಿಸಬೇಕು.

ಮೇ ರಜೆಯಲ್ಲಿ ಹೊರಡುತ್ತೇವೆ. ಮೊದಲ ದಿನ ಪೆಲ್ಟ್ ತನಕ. ಎರಡನೇ ದಿನ ಹೆಕ್ಟೆಲ್-ಎಕ್ಸೆಲ್‌ನ ಕಾಡು. ಅಲ್ಲಿ ಮರಗಳ ನಡುವೆ ಸುತ್ತುತ್ತಾ 10 ಮೀಟರ್ ಎತ್ತರಕ್ಕೆ ಏರುವ ಸೈಕಲ್ ಸೇತುವೆ ಇದೆ, 2019ರದ್ದು, ಸುಮಾರು 700 ಮೀಟರ್ ಉದ್ದ. ಏರು ತುಂಬಾ ನಿಧಾನ, ಮೆಟ್ಟಿಲಿಲ್ಲ. ಮರದ ತುದಿಯನ್ನು ಇವನು ಪಕ್ಕದಲ್ಲೇ ನೋಡಬಹುದು! ಮೂರನೇ ದಿನ ಬೊಕ್ರೈಕ್, ಅಲ್ಲಿ ಕೆರೆಯ ಮಧ್ಯೆ ಹಾದುಹೋಗುವ ದಾರಿ, ಎರಡೂ ಕಡೆ ನೀರು ಕಣ್ಣಿನ ಮಟ್ಟಕ್ಕೆ ಇರುತ್ತದೆ. ಅದಕ್ಕೆ ಅನು ಕಾಯುತ್ತಿದ್ದಾಳೆ.

ದಿನಕ್ಕೆ 30 ಕಿಲೋಮೀಟರ್ ಮೀರುವುದಿಲ್ಲ. ನಾನು ಮೊದಲು ದಾರಿ ನೋಡಲಿಲ್ಲ, ಟಾಯ್ಲೆಟ್ ನೋಡಿದೆ. ಅವನನ್ನು ಮಲಗಿಸಿ ಬಟ್ಟೆ ಬದಲಿಸುವಷ್ಟು ಜಾಗ ಎಲ್ಲೆಲ್ಲಿ ಇದೆ ಅಂತ ಗುರುತು ಹಾಕಿಕೊಂಡು, ಅವುಗಳನ್ನು ಸೇರಿಸಿ ದಾರಿ ಮಾಡಿದೆ. ರೂಮಿನವರು ವೀಲ್‌ಚೇರ್‌ಗೆ ಅನುಕೂಲ ಇದೆ ಅಂದರೆ ಅಷ್ಟಕ್ಕೇ ನಂಬುವುದಿಲ್ಲ. ಬಾತ್‌ರೂಮ್ ಬಾಗಿಲು ಎಷ್ಟು ಸೆಂಟಿಮೀಟರ್, ಹೊಸ್ತಿಲು ಇದೆಯಾ, ಫೋಟೋ ಕಳಿಸಿ ಅನ್ನುತ್ತೇನೆ. ಒಂದು ಕಡೆಯವರು ಕಳಿಸಿದ ಫೋಟೋದಲ್ಲಿ ಬಾಗಿಲಿನ ಮುಂದೆಯೇ ಎರಡು ಮೆಟ್ಟಿಲು, ಬಿಟ್ಟುಬಿಟ್ಟೆವು. ಔಷಧಿ ಎರಡು ಬ್ಯಾಗಿನಲ್ಲಿ ಬೇರೆ ಬೇರೆ. ಇನ್ನೊಂದು, ತುಳಿಯುವ ನಮಗೆ ಸೆಕೆಯಾಗುವಾಗ ಮುಂದೆ ಗಾಳಿಗೆ ಒಡ್ಡಿಕೊಂಡು ಕೂತವನಿಗೆ ಚಳಿಯಾಗುತ್ತದೆ, ಚಳಿಯಾದರೆ ಕಾಲು ಇನ್ನೂ ಬಿಗಿ. ಆದ್ದರಿಂದ ಉಣ್ಣೆ ಕಾಲುಚೀಲ, ಮೊಣಕಾಲಿಗೆ ಕಂಬಳಿ, ಗಂಟೆಗೊಮ್ಮೆ ನಿಂತು ಚಾಪೆ ಹಾಸಿ ಕಾಲು ಎಳೆದು ಸಡಿಲ ಮಾಡುವುದು. ಎಷ್ಟು ಹೊತ್ತಾದರೂ ಆಗಲಿ, ನಮಗೇನು ರೈಲು ಹಿಡಿಯಬೇಕಿಲ್ಲ.

ಬೊಕ್ರೈಕ್‌ನಿಂದ ವಾಪಸ್ ಕರೆತರಲು ಗೆಳೆಯರೊಬ್ಬರು ದೊಡ್ಡ ವ್ಯಾನ್ ತರುತ್ತಾರೆ. ಮಧ್ಯದಲ್ಲಿ ಅವನಿಗೆ ಆಗದಿದ್ದರೂ ಒಂದು ಫೋನ್ ಮಾಡಿದರೆ ಬರುತ್ತೇನೆ ಅಂದಿದ್ದಾರೆ. ಅಮ್ಮಾ, ನಿನ್ನ ಭಯ ನನಗೂ ಇದೆ. ಆದರೆ ಅವನು ಇದನ್ನು ಮಾಡಲಿ ಅನ್ನುವ ಆಸೆ ಅದಕ್ಕಿಂತ ಜಾಸ್ತಿ.

ಮುಂದಿನ ವಾರ ಪಕ್ಕದ ಮನೆಯ ಹುಡುಗ ಊರಿನಿಂದ ಹೊರಡುತ್ತಾನಂತೆ. ಅವನ ಕೈಲಿ ರಾಗಿ ಹುರಿಹಿಟ್ಟು ಕಳಿಸು, ನುಣ್ಣಗೆ ಜರಡಿ ಹಿಡಿದು. ಚಿನ್ನುವಿಗೆ ನುಂಗಲು ಅದೇ ಸುಲಭ, ದಾರಿಯಲ್ಲಿ ಒಲೆಯೂ ಬೇಡ, ಹಾಲು ಬೆಲ್ಲ ಸಿಕ್ಕರೆ ಆಯಿತು. ಏಲಕ್ಕಿ ಹಾಕಬೇಡ, ಅವನಿಗೆ ಆಗುವುದಿಲ್ಲ.

ನಿಮ್ಮ ಮಗಳು,
ಶೈಲಾ