ಅಡವು ಚಿನ್ನದ ಸೇಫಿಗೆ ಎರಡು ಕೀಲಿ, ಹಿಡಿದ ಕೈ ಒಂದೇ

ಮಾನ್ಯರೇ,

ನಮ್ಮ ತೇರುಬೀದಿ ಶಾಖೆಯ ಅಡವು ಚಿನ್ನದ ಪೊಟ್ಟಣಗಳಲ್ಲಿ ನಕಲಿ ಒಡವೆ ಸಿಕ್ಕಿರುವ ಬಗ್ಗೆ ನಿಮ್ಮ ಪತ್ರಿಕೆಯ ವರದಿಯನ್ನು ಓದಿದೆ. ಗ್ರಾಹಕರು ಆತಂಕಪಡಬೇಕಿಲ್ಲ ಎಂದು ಬ್ಯಾಂಕಿನ ಪ್ರಾದೇಶಿಕ ಕಚೇರಿಯವರು ಅದರಲ್ಲಿ ಹೇಳಿದ್ದಾರೆ. ಅಸಲು, ಬಡ್ಡಿ ಎರಡನ್ನೂ ಕಟ್ಟಿ, ಸಾಲ ಚುಕ್ತಾ ಆದ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡು ಹತ್ತೊಂಬತ್ತು ದಿನಗಳಿಂದ ಶಾಖೆಗೆ ಅಲೆಯುತ್ತಿರುವ ನಾನು ಆತಂಕಪಡದೆ ಇನ್ನೇನು ಮಾಡಲಿ?

ಮೊದಲ ದಿನ, ಕೀಲಿ ಇಟ್ಟುಕೊಂಡಿರುವ ಅಧಿಕಾರಿ ರಜೆಯಲ್ಲಿದ್ದಾರೆ ಎಂದರು. ಎರಡನೆಯ ಸಲ ಸರ್ವರ್ ಕೆಟ್ಟಿದೆ ಎಂದರು. ಮೂರನೆಯ ಸಲ ಆಡಿಟ್ ನಡೆಯುತ್ತಿದೆ ಎಂದರು. ಎಷ್ಟು ದಿನದ ಆಡಿಟ್ ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಈ ನಡುವೆ ಮಗಳ ಸೀಮಂತ ಮುಗಿದುಹೋಯಿತು. ನನ್ನ ಹೆಂಡತಿಗೆ ಅವಳ ತಾಯಿ ಕೊಟ್ಟಿದ್ದ ಎರಡೆಳೆ ಅವಲಕ್ಕಿ ಸರವನ್ನು ಅಂದು ಮಗಳ ಕೊರಳಿಗೆ ಹಾಕಬೇಕೆಂದೇ ಕೈಗಡ ತಂದು ಆ ಸಾಲ ತೀರಿಸಿದ್ದೆವು. ಆ ಸರ ಇನ್ನೂ ಸೇಫಿನಲ್ಲಿದೆಯೋ, ಅದರ ಜಾಗದಲ್ಲಿ ಗಿಲೀಟಿನದು ಕುಳಿತಿದೆಯೋ ಎಂದು ಹೇಳುವವರು ಇಂದಿಗೂ ಇಲ್ಲ.

ಕಳೆದ ವರ್ಷ ಒಡವೆ ಇಡುವಾಗ ನಾನು ಕಣ್ಣಾರೆ ಕಂಡದ್ದನ್ನು ಹೇಳಲೇಬೇಕು. ಅಡವು ಚಿನ್ನದ ಸೇಫಿನ ಎರಡು ಕೀಲಿಗಳು ಇಬ್ಬರ ಬಳಿ ಇರಬೇಕು, ಇಬ್ಬರೂ ಕೂಡಿ ನಿಂತಾಗಲೇ ಬಾಗಿಲು ತೆರೆಯಬೇಕು. ಅಂದು ಒಬ್ಬರೇ ನೌಕರರು ಮೇಜಿನ ಡ್ರಾಯರಿನಿಂದ ಒಂದೇ ಹಸಿರು ದಾರಕ್ಕೆ ಕಟ್ಟಿದ್ದ ಎರಡೂ ಕೀಲಿಗಳನ್ನು ಎತ್ತಿಕೊಂಡು ಒಳಗೆ ಹೋದರು. ಒಡವೆಯನ್ನು ಒರೆಗೆ ಹಚ್ಚಿದ ಅಪ್ರೈಸರೇ ತೂಕ ಬರೆದು, ಪೊಟ್ಟಣ ಕಟ್ಟಿ, ಅರಗಿನ ಮುದ್ರೆಯನ್ನೂ ಒತ್ತಿದರು. ತಕ್ಕಡಿಯ ಕಡೆ ಇನ್ನೊಬ್ಬರು ತಿರುಗಿಯೂ ನೋಡಲಿಲ್ಲ. ಅಧಿಕಾರಿಗಳು ಕುಳಿತಲ್ಲಿಯೇ ಸಹಿ ಹಾಕಿದರು. ಬ್ಯಾಂಕೆಂಬ ನಂಬಿಕೆಯಿಂದ ನಾನೂ ಅಂದು ಸುಮ್ಮನಿದ್ದೆ.

ಕೆಲಸ ಮಾಡಿದವರೇ ಅದರ ತಪಾಸಣೆಯನ್ನೂ ಮಾಡಿದರೆ ಏನಾಗುತ್ತದೆ ಎಂಬುದು ಬ್ಯಾಂಕಿನವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಬ್ರಾಡಿ ಹೌಸ್ ಶಾಖೆಯಲ್ಲಿ ಒಬ್ಬ ಅಧಿಕಾರಿ 2010ರಿಂದ ನಿವೃತ್ತಿಯವರೆಗೆ, ಅಂದರೆ ಏಳು ವರ್ಷ, ವಿದೇಶಿ ವಿನಿಮಯದ ಅದೇ ವಿಭಾಗದಲ್ಲಿ ಉಳಿದಿದ್ದರು. ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಅಲ್ಲಿಂದ ಹೊರಟ, ಬೇರೆಯವರ ಸಾಲಕ್ಕೆ ಬ್ಯಾಂಕೇ ಹೊಣೆಯೆಂದು ಬರೆದ ಮೋಸದ ಖಾತರಿಪತ್ರಗಳು ಬ್ಯಾಂಕಿನ ಮುಖ್ಯ ಲೆಕ್ಕದ ವ್ಯವಸ್ಥೆಗೆ ಜೋಡಣೆಯಾಗಿರಲಿಲ್ಲ. 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಬಾರಿ ಸ್ವಿಫ್ಟ್ ದುರ್ಬಳಕೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿದ್ದಾಗಿ ರಿಸರ್ವ್ ಬ್ಯಾಂಕ್ ಆಮೇಲೆ ಹೇಳಿತು. ಹಗರಣ ಬೆಳಕಿಗೆ ಬಂದದ್ದು 2018ರಲ್ಲಿ. ಅಷ್ಟು ದೂರವೇಕೆ, 2025ರಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ ಬ್ಯಾಂಕಿನಲ್ಲಿದ್ದ ಸುಮಾರು 58 ಕೆ.ಜಿ. ಚಿನ್ನ ಕಳವಾದಾಗ ಪೊಲೀಸರು ಬಂಧಿಸಿದವರಲ್ಲಿ ಆ ಶಾಖೆಯ ಹಿಂದಿನ ವ್ಯವಸ್ಥಾಪಕರೂ ಇದ್ದರು. ಅದಾದ ಮೇಲಾದರೂ ನಮ್ಮ ಶಾಖೆಯ ಹಸಿರು ದಾರವನ್ನು ಯಾರಾದರೂ ಬಿಚ್ಚಬೇಕಿತ್ತು.

ನಿಯಮಗಳಿಗೇನೂ ಬರವಿಲ್ಲ. ಸೂಕ್ಷ್ಮ ಹುದ್ದೆಯಲ್ಲಿರುವ ನೌಕರರನ್ನು ವರ್ಷಕ್ಕೊಮ್ಮೆ, ಮುಂಚಿತವಾಗಿ ತಿಳಿಸದೆ, ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ; ಆ ಕುರ್ಚಿಯಲ್ಲಿ ಬೇರೊಬ್ಬರು ಹತ್ತು ದಿನ ಕುಳಿತರೆ ಮುಚ್ಚಿಟ್ಟದ್ದು ಹೊರಬೀಳುತ್ತದೆ. ಸಾಲ ಪೂರ್ತಿ ತೀರಿದ ಮೇಲೆ ಒಡವೆಯನ್ನು ಅದೇ ದಿನ ಅಥವಾ ಹೆಚ್ಚೆಂದರೆ 7 ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿರ್ದೇಶನ 2025ರ ಜೂನ್‌ನಲ್ಲಿ ಹೊರಟಿದ್ದು, ಅದನ್ನು ಪಾಲಿಸಲು ಎಲ್ಲರಿಗೂ 2026ರ ಏಪ್ರಿಲ್ 1ರ ಗಡುವು ಕೊಡಲಾಗಿತ್ತು. ಇದನ್ನು ನಾನು ಕೌಂಟರಿನಲ್ಲಿ ಹೇಳಿದಾಗ ‘ನಮಗೆ ಮೇಲಿನಿಂದ ಏನೂ ಬಂದಿಲ್ಲ’ ಎಂದರು.

ಇದೇ ಮಾತನ್ನು ಎರಡು ವರ್ಷದ ಹಿಂದೆಯೂ ಕೇಳಿದ್ದೆ. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ₹5,000 ಕಡಿತವಾಗಿತ್ತು. ಐದು ದಿನದೊಳಗೆ ಹಿಂದಿರುಗಿಸಬೇಕು, ಮೀರಿದರೆ ದಿನಕ್ಕೆ ₹100 ಕೊಡಬೇಕು ಎಂಬ ನಿಯಮ 2019ರಿಂದ ಇದೆ. ನನ್ನ ಹಣ ಬಂದದ್ದು ಎರಡನೆಯ ತಿಂಗಳಲ್ಲಿ, ಪರಿಹಾರ ಇಂದಿಗೂ ಬಂದಿಲ್ಲ. ಪ್ರಾದೇಶಿಕ ಕಚೇರಿಗೆ ಬರೆದ ಮೂರು ಪತ್ರಗಳಿಗೂ ಉತ್ತರವಿಲ್ಲ. ಆ ಸಣ್ಣ ಮೊತ್ತದ ಲೆಕ್ಕವನ್ನೇ ಸರಿಯಾಗಿ ನೋಡದವರು ಸೇಫಿನೊಳಗಿನ ಪೊಟ್ಟಣಗಳನ್ನು ಯಾವಾಗ ಎಣಿಸಿಯಾರು?

ಶಾಖೆಯ ಎಲ್ಲ ಪೊಟ್ಟಣಗಳನ್ನೂ ಬೇರೆ ಅಪ್ರೈಸರಿಂದ, ಒಡವೆ ಇಟ್ಟವರ ಎದುರಿನಲ್ಲಿಯೇ ತೆರೆಸಿ ತೂಗಿಸಬೇಕು. ಸಾಲ ತೀರಿಸಿದವರಿಗೆ ಒಡವೆಯನ್ನಾಗಲಿ, ಇಂದಿನ ದರದಲ್ಲಿ ಅದರ ಬೆಲೆಯನ್ನಾಗಲಿ ತಕ್ಷಣ ಕೊಡಬೇಕು. ಒಬ್ಬ ಅಪ್ರೈಸರನ್ನು ಹಿಡಿದು ಕೊಟ್ಟು ಕೈ ತೊಳೆದುಕೊಳ್ಳದೆ, ವರ್ಷವರ್ಷವೂ ಬಂದು ‘ಎಲ್ಲವೂ ಸರಿಯಿದೆ’ ಎಂದು ಬರೆದು ಹೋದ ತಪಾಸಣೆಯ ಅಧಿಕಾರಿಗಳ ಮೇಲೂ ಕ್ರಮ ಕೈಗೊಳ್ಳಬೇಕು. ಒಂದು ಕಂತು ತಪ್ಪಿದರೆ ಸಾಲಗಾರನಿಗೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುವ ಈ ಬ್ಯಾಂಕಿನವರು, ಹತ್ತೊಂಬತ್ತು ದಿನಗಳಲ್ಲಿ ನನಗೆ ಒಂದು ಸಲವೂ ಫೋನ್ ಮಾಡಿಲ್ಲ. ನಾಚಿಕೆಯಾಗಬೇಕು ಇವರಿಗೆ.

— ಒಬ್ಬ ಗ್ರಾಹಕ, ತೇರುಬೀದಿ