ಹಂಪ್ ಹಾಕಿಸಿದವರಲ್ಲಿ ನಾನೂ ಒಬ್ಬ

ಮಾನ್ಯ ಸಂಪಾದಕರೇ,

ಮೈಸೂರಿನ ಬಡಾವಣೆ ರಸ್ತೆಗಳಿಗೆ ಹಂಪ್ ಬೇಕೋ ಬೇಡವೋ ಎಂದು ನಿವಾಸಿಗಳೂ ಅಧಿಕಾರಿಗಳೂ ಜಗ್ಗಾಡುತ್ತಿರುವುದನ್ನು ನೋಡುತ್ತಿದ್ದೇನೆ. ಬೇಕು ಅನ್ನುವವರು ಮಕ್ಕಳನ್ನು ಮುಂದಿಡುತ್ತಾರೆ, ಬೇಡ ಅನ್ನುವವರು ಬೆನ್ನುನೋವನ್ನು. ನಾನು ಎರಡೂ ಪಕ್ಷದಲ್ಲಿದ್ದು ಬಂದವನು, ಹಾಗಾಗಿ ಈ ಪತ್ರ.

ನಮ್ಮ ಮನೆ ಸರಸ್ವತಿಪುರಂನಲ್ಲಿ. ಕಾಂತರಾಜೇ ಅರಸ್ ರಸ್ತೆಯಲ್ಲಿ ಕಾದು ಬೇಸತ್ತವರು ಕುಕ್ಕರಹಳ್ಳಿ ಕೆರೆ ಕಡೆಗೆ ಹೋಗಲು ನಮ್ಮ ಮೇನ್‌ಗಳ, ಅಂದರೆ ಬಡಾವಣೆಯ ಒಳರಸ್ತೆಗಳ, ಒಳಗೆ ನುಗ್ಗುತ್ತಾರೆ. ಮೊದಲು ಈ ಒಳದಾರಿ ಆಟೊದವರಿಗಷ್ಟೇ ಗೊತ್ತಿತ್ತು. ಈಗ ಮೊಬೈಲ್ ಮ್ಯಾಪ್ ಊರಿಗೆ ಹೊಸಬರನ್ನೂ ನಮ್ಮ ಗೇಟಿನ ಮುಂದೆಯೇ ಕರೆದುಕೊಂಡು ಹೋಗುತ್ತದೆ. ಸಂಜೆ ಐದರಿಂದ ಏಳರವರೆಗೆ ರಸ್ತೆ ದಾಟಿ ಹಾಲು ತರುವುದೇ ಒಂದು ಸಾಹಸ.

ಎರಡು ವರ್ಷದ ಹಿಂದೆ ರಸ್ತೆಗೆ ಹೊಸ ಡಾಂಬರು ಬಿತ್ತು. ನುಣ್ಣಗಾದ ರಸ್ತೆಯಲ್ಲಿ ಬೈಕ್‌ಗಳು ಹಾರತೊಡಗುತ್ತವೆ ಎಂದು ನಮಗೆಲ್ಲ ಭಯ. ಕೊನೆಯ ದಿನ ಸ್ವಲ್ಪ ಬಿಸಿ ಡಾಂಬರು ಮಿಕ್ಕಿತ್ತು. ಬೀದಿಯ ನಾಲ್ಕೈದು ಜನ ಹಿರಿಯರು ಸೇರಿ ಕೆಲಸದವರಿಗೆ ಇಡ್ಲಿ, ಕಾಫಿ ಕೊಟ್ಟು ಎರಡು ಹಂಪ್ ಹಾಕಿಸಿಕೊಂಡೆವು. ಅರ್ಜಿ ಇಲ್ಲ, ಅನುಮತಿ ಇಲ್ಲ, ಒಂದು ಗೆರೆ ಬಿಳಿ ಬಣ್ಣವೂ ಇಲ್ಲ. ಅವತ್ತು ರಾತ್ರಿ ಬಹಳ ದೊಡ್ಡ ಕೆಲಸ ಮಾಡಿದವರಂತೆ ಜಗಲಿಯಲ್ಲಿ ಕೂತು ಮಾತಾಡಿದ್ದು ನೆನಪಿದೆ.

ಮೂರನೇ ತಿಂಗಳು ಹೆಂಡತಿಯನ್ನು ಸ್ಕೂಟರ್‌ನಲ್ಲಿ ಕೂರಿಸಿಕೊಂಡು ಮದುವೆ ಮನೆಯಿಂದ ಬರುತ್ತಿದ್ದೆ. ಬೀದಿ ದೀಪ ಇರಲಿಲ್ಲ. ಹಾಕಿಸಿದವನೇ ನಾನು, ನನಗೇ ಹಂಪ್ ಕಾಣಲಿಲ್ಲ. ಅವಳ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ಈಗಲೂ ಅದು ಮನೆಯಲ್ಲಿ ‘ನಿಮ್ಮ ಹಂಪು’.

ಆಮೇಲೆ ಟೇಪ್ ಹಿಡಿದು ಅಳೆದೆ. ಉದ್ದ 45 ಸೆಂಟಿಮೀಟರ್, ಎತ್ತರ 17. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ ಏನು ಗೊತ್ತೇ? ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ ಬರೀ 10 ಸೆಂಟಿಮೀಟರ್ ಎತ್ತರ. 25 ಕಿಲೋಮೀಟರ್ ವೇಗದಲ್ಲಿ ಬಂದವನು ಆರಾಮಾಗಿ ದಾಟಬೇಕು, ಅದಕ್ಕಿಂತ ಜೋರಾಗಿ ಬಂದವನಿಗೆ ಮಾತ್ರ ಕಷ್ಟವಾಗಬೇಕು ಎಂಬುದು ಅದರ ಲೆಕ್ಕ. ಮೇಲೆ ಬಣ್ಣದ ಪಟ್ಟೆ, ಮುಂಚೆಯೇ ಎಚ್ಚರಿಕೆ ಫಲಕ. ಅಂಥ ಹಂಪ್ ಗಾಡಿಯನ್ನು ಏರಿಸಿ ಇಳಿಸುತ್ತದೆ, ನಮ್ಮದು ಒದೆಯುತ್ತದೆ. ಒದೆಯುವುದಾದರೂ ಯಾರನ್ನು? ದೊಡ್ಡ ಕಾರಿನವರಿಗೆ ಗೊತ್ತೂ ಆಗುವುದಿಲ್ಲ. ಬೈಕಿನ ಹುಡುಗರು ಚರಂಡಿ ಪಕ್ಕದ ಸಂದಿಯಲ್ಲಿ ನುಸುಳುತ್ತಾರೆ. ಸಿಕ್ಕಿಬೀಳುವುದು ವಯಸ್ಸಾದವರು, ಬಸುರಿಯರು, ಗ್ಯಾಸ್ ಸಿಲಿಂಡರ್ ಹೊತ್ತ ಗಾಡಿ. ನಮ್ಮ ಬಡಾವಣೆಯಲ್ಲೇ ಅಗ್ನಿಶಾಮಕ ಠಾಣೆ ಇದೆ. ಕೆಂಪು ಗಾಡಿ ಹೊರಟಾಗ ನಿಮಿಷ ನಿಮಿಷವೂ ಲೆಕ್ಕ ಎಂಬುದು ಅವತ್ತು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಹಂಪಿಗೆ ಬೇಸತ್ತ ಗಾಡಿಗಳು ಪಕ್ಕದ ಮೇನ್‌ಗೆ ತಿರುಗಿದವು. ಅವರೂ ಹಂಪ್ ಹಾಕಿಸಿದರು. ಅದರಾಚೆಯವರು ಕಲ್ಲು, ಡ್ರಮ್ ಇಟ್ಟು ರಸ್ತೆಯನ್ನೇ ಅರ್ಧ ಮುಚ್ಚಿದರು. ಈಗ ಎಲ್ಲ ಸೇರಿ ಹೋಗುತ್ತಿರುವುದು ಮಕ್ಕಳ ಶಾಲೆಯಿರುವ ಬೀದಿಗೆ. ನೀರನ್ನು ನಮ್ಮ ಅಂಗಳದಿಂದ ಪಕ್ಕದವರ ಅಂಗಳಕ್ಕೆ ಗುಡಿಸಿದ ಹಾಗಾಯಿತು.

ಇದೆಲ್ಲ ನಿವಾಸಿಗಳೂ ಅಧಿಕಾರಿಗಳೂ ಸೇರಿದ್ದ ಕಳೆದ ತಿಂಗಳ ಸಭೆಯಲ್ಲಿ ಇತ್ಯರ್ಥವಾಗಬಹುದೆಂದು ಹೋದೆ. ಪಾಲಿಕೆಯವರು ‘ಹಂಪ್ ಮಾತ್ರ ನಮ್ಮದು, ಒನ್ ವೇ ಪೊಲೀಸರದ್ದು’ ಅಂದರು. ಸಂಚಾರ ಪೊಲೀಸರು ‘ಒನ್ ವೇ ಮಾಡಬಹುದು, ಹಂಪಿನ ವಿಷಯ ನಮ್ಮನ್ನು ಕೇಳಬೇಡಿ’ ಅಂದರು. ಇಬ್ಬರೂ ಹೇಳಿದ್ದು ಸುಳ್ಳಲ್ಲ. ಆದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುವವರು ಅಲ್ಲಿರಲಿಲ್ಲ. ಪಾಲಿಕೆ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿದೆ. ಮೊದಲಾದರೆ ಕಾರ್ಪೊರೇಟರ್ ಮನೆ ಬಾಗಿಲಿಗೆ ಹೋಗಿ ಜಗಳವಾಡಿಯಾದರೂ ಬರುತ್ತಿದ್ದೆವು.

ನಾನು ಕೇಳುವುದು ಇಷ್ಟು: ಒಂದೊಂದು ಬೀದಿಯ ಅರ್ಜಿಗೆ ಒಂದೊಂದು ಹಂಪ್ ಕೊಡುವುದನ್ನು ಬಿಡಿ. ಇಡೀ ಬಡಾವಣೆಯ ನಕ್ಷೆ ಮುಂದಿಟ್ಟುಕೊಂಡು ಪಾಲಿಕೆ, ಸಂಚಾರ ಪೊಲೀಸರು ಒಂದೇ ದಿನ, ಒಂದೇ ಮೇಜಿಗೆ ಬರಲಿ. ಡಾಂಬರಿಗೆ ಮುಂಚೆ ಪ್ರಯೋಗವಾಗಲಿ. ದಸರಾ ಬಂದರೆ ಅರಮನೆ ಸುತ್ತ ಬ್ಯಾರಿಕೇಡ್ ಇಟ್ಟು ಒನ್ ವೇ ಮಾಡಿ, ಹಬ್ಬ ಮುಗಿದ ಮೇಲೆ ಎತ್ತಿಬಿಡುವ ಊರು ನಮ್ಮದು. ಅದೇ ಬ್ಯಾರಿಕೇಡ್‌ಗಳನ್ನು ನಮ್ಮ ಮೇನ್‌ಗಳ ಬಾಯಿಗೆ ಒಂದು ತಿಂಗಳು ಇಟ್ಟು ನೋಡಲಿ. ಯಾವ ಬೀದಿಗೆ ಎಷ್ಟು ಗಾಡಿ ಹೊರಳಿತು ಎಂದು ಎಣಿಸಲು ಸಿಬ್ಬಂದಿ ಇಲ್ಲವೆಂದರೆ, ಕುರ್ಚಿ ಹಾಕಿಕೊಂಡು ಕೂರಲು ನಮ್ಮಂಥ ನಿವೃತ್ತರಿದ್ದೇವೆ. ಹೇಗಿದ್ದರೂ ಸಂಜೆ ಅದೇ ಮಾಡುತ್ತಿರುತ್ತೇವೆ.

ನಮ್ಮ ಎರಡು ಹಂಪ್ ತೆಗೆಯಿರಿ, ಇಲ್ಲವೇ ಅಳತೆಗೆ ಸರಿಮಾಡಿ ಎಂದು ಬರೆದುಕೊಟ್ಟಿದ್ದೇನೆ. ಹಾಕಿಸಲು ಇಡ್ಲಿ ಸಾಕಾಗಿತ್ತು, ತೆಗೆಸಲು ಬೀದಿಯವರೆಲ್ಲರ ಸಹಿ ಬೇಕಂತೆ. ಎದುರು ಮನೆಯವರು ಇನ್ನೂ ಸಹಿ ಹಾಕಿಲ್ಲ. ಅವರ ಮೊಮ್ಮಗ ಈಗಷ್ಟೇ ಸೈಕಲ್ ಕಲಿಯುತ್ತಿದ್ದಾನೆ. ಒತ್ತಾಯ ಮಾಡಲು ನನಗೂ ಬಾಯಿ ಬರಲಿಲ್ಲ.

ಇಂತಿ,
ಸರಸ್ವತಿಪುರಂನ ಹಳೆಯ ನಿವಾಸಿ,
ಮೈಸೂರು