ಬೆವರು ಶ್ರಮದ ಅಳತೆಗೋಲಲ್ಲ

ಮಾನ್ಯರೇ,

ಬೇಸಿಗೆ ರಜೆಯಲ್ಲಿ ಚಿತ್ರದುರ್ಗದ ಸುತ್ತಮುತ್ತ ನಡೆಯುವ ಕ್ರೀಡಾ ಶಿಬಿರಗಳಿಗೆ ಹಳ್ಳಿಗಳಿಂದಲೂ ಹೆಣ್ಣುಮಕ್ಕಳು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಮೈದಾನದ ಅಂಚಿನಲ್ಲಿ ನಿಂತರೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ‘ಇನ್ನೂ ಬೆವರೇ ಬಂದಿಲ್ಲ, ಇನ್ನೆರಡು ಸುತ್ತು ಓಡು.’ ಬೆವರು ನೋಡಿ ಶ್ರಮವನ್ನು ಅಳೆಯುವ ಈ ರೂಢಿ ತಪ್ಪಷ್ಟೇ ಅಲ್ಲ, ಏಪ್ರಿಲ್ ಬಿಸಿಲಿನಲ್ಲಿ ಅಪಾಯಕರವೂ ಹೌದು.

ಅಂಡ ಬಿಡುಗಡೆಯಾದಂದಿನಿಂದ ಮುಂದಿನ ಮುಟ್ಟಿನವರೆಗಿನ ಸುಮಾರು 2 ವಾರಗಳಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಹೆಚ್ಚುತ್ತದೆ. ಅದು ಸುಮ್ಮನೆ ಕುಳಿತಿರುವಾಗಲೇ ದೇಹದ ಉಷ್ಣತೆಯನ್ನು ಸಾಮಾನ್ಯವಾಗಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸುತ್ತದೆ. ಬೆವರು ಹರಿಸಲು ಮೆದುಳು ಸೂಚನೆ ಕೊಡುವ ಉಷ್ಣತೆಯ ಮಟ್ಟವೂ ಅದರೊಂದಿಗೆ ಮೇಲೇರುವುದರಿಂದ, ಆ ದಿನಗಳಲ್ಲಿ ಬೆವರು ಶುರುವಾಗುವ ಹೊತ್ತಿಗೆ ಮೈ ಹೆಚ್ಚು ಕಾದಿರುತ್ತದೆ. ಈಸ್ಟ್ರೋಜನ್ ಎಂಬ ಇನ್ನೊಂದು ಸ್ತ್ರೀ ಹಾರ್ಮೋನಿನ ಪರಿಣಾಮ ಇದಕ್ಕೆ ವ್ಯತಿರಿಕ್ತ. ಮುಟ್ಟಾದ ಹುಡುಗಿಯನ್ನು ಆಟದಿಂದ ದೂರ ಕೂರಿಸುವ ನಾವು, ಮೈಬಿಸಿಯ ಮಟ್ಟಿಗೆ ಹೆಚ್ಚು ನಿಗಾ ಬೇಕಾದದ್ದು ಅದಕ್ಕೆ ಮುಂಚಿನ ದಿನಗಳಲ್ಲಿ ಎಂಬುದನ್ನು ಗಮನಿಸಿಯೇ ಇಲ್ಲ.

ಹಾಗೆಂದು ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಲಾಗದು. ಅಭ್ಯಾಸ ಕೂಡಿಬಂದಂತೆ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಹರಿಯುತ್ತದೆ. ಬಿಸಿಲಿಗೆ ಮೈ ಒಗ್ಗಲು 1ರಿಂದ 2 ವಾರ ಹಿಡಿಯುತ್ತದೆ. ಆದ್ದರಿಂದ ಶಿಬಿರದ ಮೊದಲ ದಿನಗಳಲ್ಲೇ ಹೊಸಬರನ್ನು ದಣಿಸುವುದು ಜಾಣತನವಲ್ಲ. ಮೇಲಾಗಿ ನಮ್ಮ ಬಯಲುಸೀಮೆಯ ಒಣಹವೆಯಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. ಓಟ ಮುಗಿಸಿ ಬಂದ ಹುಡುಗಿಯ ಹಣೆ ಒಣಗಿದ್ದರೂ ಅಂಗಿಯ ಕತ್ತುಪಟ್ಟಿಯಲ್ಲಿ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ತರಬೇತುದಾರರು ನೋಡಬೇಕಾದದ್ದು ಅದನ್ನು.

ಇನ್ನು ನೀರಿನ ವಿಷಯ. ಶಿಬಿರವೊಂದರಲ್ಲಿ ಹುಡುಗಿಯರ ನೀರಿನ ಬಾಟಲಿಗಳು ಮಧ್ಯಾಹ್ನವಾದರೂ ತುಂಬಿಕೊಂಡೇ ಇದ್ದವು. ವಿಚಾರಿಸಿದಾಗ, ಅಲ್ಲಿನ ಶೌಚಾಲಯಕ್ಕೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಹಾಗಾಗಿ ಬೆಳಿಗ್ಗೆಯಿಂದ ಗುಟುಕು ನೀರನ್ನೂ ಕುಡಿದಿಲ್ಲ ಎಂದರು. ಬೆವರುವುದಕ್ಕೂ ಮೈಯಲ್ಲಿ ನೀರಿರಬೇಕಲ್ಲವೇ? ಒಂದು ಚಿಲಕದ ಖರ್ಚು ಸಮಾರೋಪದ ಹಾರ, ಶಾಲುಗಳಿಗಿಂತ ಹೆಚ್ಚೇನಲ್ಲ. ಒಂದೇ ಸಮನೆ ಬರಿ ನೀರು ಕುಡಿಸುವುದೂ ಒಳ್ಳೆಯದಲ್ಲ. ರಕ್ತದಲ್ಲಿ ಸೋಡಿಯಂ ಇಳಿದು ತೊಂದರೆಯಾದೀತು. ದೀರ್ಘ ಅಭ್ಯಾಸದ ನಡುವೆ ಬಾಯಾರಿದಷ್ಟು ನೀರಿನ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಕೊಡಬಹುದು.

ಆದ್ದರಿಂದ ಶಿಬಿರಗಳಿಗೆ ಅನುಮತಿ ಕೊಡುವ ಮುನ್ನ ಸಂಬಂಧಪಟ್ಟ ಅಧಿಕಾರಿಗಳು ಹುಡುಗಿಯರ ಶೌಚಾಲಯವನ್ನು ಖುದ್ದಾಗಿ ಪರಿಶೀಲಿಸಬೇಕು. ಓಟದ ಅಭ್ಯಾಸ ಬೆಳಿಗ್ಗೆ 8 ಗಂಟೆಯೊಳಗೆ ಮುಗಿಯಬೇಕು. ತಲೆಸುತ್ತು, ವಾಕರಿಕೆ ಎಂದ ಹುಡುಗಿಯನ್ನು ನೆಪ ಹೇಳುತ್ತಿದ್ದಾಳೆ ಎಂದು ಗದರದೆ ತಕ್ಷಣ ನೆರಳಿಗೆ ಕರೆತಂದು ಮೈಗೆ ತಣ್ಣೀರು ಹಾಕಬೇಕು. ಮಾತು ತೊದಲಿದರೆ ಅಥವಾ ದಿಕ್ಕು ತೋಚದಂತಾದರೆ ತಣ್ಣೀರು ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು.

– ನಿವೃತ್ತ ದೈಹಿಕ ಶಿಕ್ಷಕಿ, ಚಿತ್ರದುರ್ಗ